ಜಗಲಿಯಿಂದ ಒಳಮನೆಗೆ

ಇಂಗ್ಲೆಂಡಿನಲ್ಲಿ ಕೆಲಸಕ್ಕಿರುವ ನಮ್ಮ ಅಣ್ಣನ ಮಗ ಒಂದು ಬೇಸಿಗೆಯಲ್ಲಿ ಕೆಲವು ಫೋಟೋಗಳನ್ನು ಕಳಿಸಿದ. ಶ್ರಾಪ್‌ಶೈರ್ ಪ್ರಾಂತ್ಯದ ಲಡ್ಲೋ ಎಂಬ ಸಂತೆಯ ಊರು. ಮರದ ಚೌಕಟ್ಟಿನ ಒಂದು ಪುಟ್ಟ ಮನೆ, ತಲೆ ತಗ್ಗಿಸಿ ದಾಟಬೇಕಾದ ಬಾಗಿಲು, ಸವೆದ ಮೆಟ್ಟಿಲು, ಕಿಟಕಿಯಾಚೆ ಕೋಟೆ. ಒಂದು ವಾರಕ್ಕೆ ಆ ಮನೆಯನ್ನು ಅವನು ಬಾಡಿಗೆಗೆ ಪಡೆದಿದ್ದ. "ಚಿಕ್ಕಪ್ಪಾ, ಈ ಮನೆಗೆ ಮುನ್ನೂರು ವರ್ಷ. ಅಡುಗೆ ನಾವೇ ಮಾಡಿಕೊಳ್ಳಬೇಕು. ಈ ಊರಿನವನೇ ಆಗಿಬಿಟ್ಟೆ ಅನ್ನಿಸುತ್ತದೆ" ಎಂದು ಬರೆದಿದ್ದ.

ಆ ದೇಶದಲ್ಲಿ ಇದು ಹೊಸತೇನಲ್ಲ. 1947ರ ಕಾಯ್ದೆಯ ನಂತರ ಅಲ್ಲಿ ಹಳೆಯ ಕಟ್ಟಡಗಳನ್ನು ಪಟ್ಟಿ ಮಾಡಿ ಕಾಪಾಡುವ ಪದ್ಧತಿ ಗಟ್ಟಿಯಾಯಿತು. ಪಟ್ಟಿಯಲ್ಲಿರುವ ಮನೆಯನ್ನು ಮಾಲೀಕನೂ ತನಗೆ ತೋಚಿದಂತೆ ಕೆಡವುವಂತಿಲ್ಲ. 1965ರಲ್ಲಿ ಜಾನ್ ಸ್ಮಿತ್ ಎಂಬವರು ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ಸಂಸ್ಥೆ ಕಟ್ಟಿದರು. ಬಿದ್ದುಹೋಗಲಿರುವ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ ರಜೆಯ ದಿನಗಳಿಗೆ ಬಾಡಿಗೆಗೆ ಕೊಡುವುದು, ಬಂದ ಬಾಡಿಗೆಯಿಂದಲೇ ಅದರ ಪಾಲನೆ ಮಾಡುವುದು ಅದರ ಕ್ರಮ. ಆ ಮನೆಗಳಲ್ಲಿ ಟೀವಿ ಇಡುವುದಿಲ್ಲ. ಬದಲಿಗೆ ಬಂದುಹೋದವರು ಬರೆದಿಡುವ ಒಂದು ಪುಸ್ತಕ ಇರುತ್ತದೆ.

ಫೋಟೋ ನೋಡಿದ ಮಕ್ಕಳು ನಮ್ಮ ಬೆನ್ನು ಬಿದ್ದರು. ಲಡ್ಲೋಗೆ ಹೋಗುವ ತಾಕತ್ತು ನಮಗೆಲ್ಲಿಯದು? ಆದರೆ ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದರೆ ಅಂಕೋಲಾ, ಅಲ್ಲಿಂದ ಇನ್ನೊಂದಿಷ್ಟು ದೂರ ಹೋದರೆ ಕಾರವಾರ. ಅಲ್ಲಿ ಹೆಂಚಿನ ಹಳೆಯ ಮನೆಗಳು ಕಡಿಮೆಯೇ? 2024ರ ಡಿಸೆಂಬರ್ ಕೊನೆಯ ವಾರದಲ್ಲಿ ನಾಲ್ಕು ದಿನಕ್ಕೆ ಒಂದು ಹಳೆಯ ಮನೆ ಬಾಡಿಗೆಗೆ ಹಿಡಿಯುವುದೆಂದು ತೀರ್ಮಾನಿಸಿದೆವು.

ಮೊದಲು ಸಿಕ್ಕ ಮನೆ ಚೆನ್ನಾಗಿತ್ತು. ಫೋನಿನಲ್ಲಿ ಮಾತಾಡಿದವರು ಬಹಳ ಆದರದಿಂದ ಎಲ್ಲವನ್ನೂ ವಿವರಿಸಿದರು. ಬಾಡಿಗೆ ಒಪ್ಪಿತವಾಯಿತು. ಕೊನೆಗೆ ಹೆಸರು ಕೇಳಿದರು, ಹೇಳಿದೆವು. ಒಂದು ಕ್ಷಣ ಮೌನ. "ಅಯ್ಯೋ, ಆ ದಿನಗಳಿಗೆ ಬೇರೆಯವರು ಹೇಳಿಟ್ಟಿದ್ದರು, ಮರೆತೇಬಿಟ್ಟಿದ್ದೆ ನೋಡಿ" ಎಂದರು. ಮರುದಿನ ನಮ್ಮ ಪಕ್ಕದ ಮನೆಯ ಮೇಷ್ಟ್ರು ತಮ್ಮ ಹೆಸರಿನಲ್ಲಿ ಅದೇ ದಿನಗಳಿಗೆ ಕೇಳಿದಾಗ ಮನೆ ಖಾಲಿಯಿತ್ತು. ಮೇಷ್ಟ್ರು ಸಿಟ್ಟಾದರು. ನಾವು ಸಿಟ್ಟಾಗಲಿಲ್ಲ, ಮಕ್ಕಳಿಗೆ ಹೇಗೆ ಹೇಳುವುದೆಂದು ಯೋಚಿಸಿದೆವು. ಅಂದು ರಾತ್ರಿ ಊಟಕ್ಕೆ ಕುಳಿತಾಗ ದೊಡ್ಡ ಮಗಳೇ ಕೇಳಿದಳು: "ನಮ್ಮ ಮಹಡಿ ಮನೆ ಬಾಡಿಗೆಗೆ ಕೊಡುವಾಗ ನೀವೂ ಮೊದಲು ಹೆಸರೇ ಅಲ್ಲವಾ ಕೇಳೋದು?" ಅನ್ನ ಗಂಟಲಲ್ಲಿ ನಿಂತಂತಾಯಿತು. ಆ ಹಿಂದಿನ ವರ್ಷವಷ್ಟೇ ಮನೆ ಕೇಳಿಕೊಂಡು ಬಂದ ಒಂದು ಕುಟುಂಬಕ್ಕೆ "ಬೇರೆಯವರಿಗೆ ಮಾತು ಕೊಟ್ಟಾಗಿದೆ" ಎಂದು ಹೇಳಿ ಕಳಿಸಿದ್ದೆವು. ಯಾರಿಗೂ ಮಾತು ಕೊಟ್ಟಿರಲಿಲ್ಲ. "ಅವರ ಪದ್ಧತಿ ಬೇರೆ, ಹೊಂದಿಕೆಯಾಗುವುದಿಲ್ಲ" ಎಂಬುದು ನಮ್ಮೊಳಗಿನ ಸಮಜಾಯಿಷಿ.

ಎರಡನೆಯ ಮನೆ ಸಿಕ್ಕಿದ್ದು ಅಂಕೋಲೆಯ ಹತ್ತಿರದ ಒಂದು ಹಳ್ಳಿಯಲ್ಲಿ. ಮಾಲೀಕರು ಮುಂಬೈಯಲ್ಲಿದ್ದರು. ಈ ಬಾರಿ ಮೊದಲ ವಾಕ್ಯದಲ್ಲೇ ನಮ್ಮ ಹೆಸರು ಹೇಳಿದೆವು. ಅವರು ನಕ್ಕು, "ಹೆಸರು ಇರಲಿ, ಎಷ್ಟು ಜನ?" ಎಂದರು. ಒಂದು ಷರತ್ತು ಮಾತ್ರ ಇತ್ತು: ಮೀನು ಅಡ್ಡಿಯಿಲ್ಲ, ಮಾಂಸ ಬೇಯಿಸಬಾರದು. ಪಕ್ಕದ ಹೊಸ ಮನೆಯಲ್ಲಿ ಅವರ ತಾಯಿ ಇದ್ದಾರೆ, ಅವರಿಗೆ ಎಂಬತ್ತು ದಾಟಿದೆ. ಕಡಲ ದಂಡೆಗೆ ಹೋಗಿ ಯಾರು ಕುರಿಮಾಂಸ ತಿನ್ನುತ್ತಾರೆ? ಒಪ್ಪಿದೆವು.

ಅಂಕೋಲಾ ಪೇಟೆಯಲ್ಲಿ ತರಕಾರಿ ಕೊಳ್ಳಲು ಇಳಿದೆವು. ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕುಳಿತಿದ್ದರು. ಸಾವಿರಾರು ಸಸಿಗಳನ್ನು ನೆಟ್ಟು ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರು ತೀರಿಕೊಂಡು ಆಗ ಎರಡು ವಾರವೂ ಆಗಿರಲಿಲ್ಲ. ಬಸಳೆ ಕಟ್ಟು ಕೊಡುತ್ತಿದ್ದಾಕೆ ನಾವು ಕೇಳದೆಯೇ ಆ ಮಾತು ತೆಗೆದಳು, ತನ್ನ ಮನೆಯವರ ಸುದ್ದಿ ಹೇಳುವ ಹಾಗೆ.

ಮನೆ ನಮ್ಮ ನಿರೀಕ್ಷೆಗಿಂತ ದೊಡ್ಡದು. ಚಿರೆಕಲ್ಲಿನ ದಪ್ಪ ಗೋಡೆ, ಮಂಗಳೂರು ಹೆಂಚು, ಮುಂದೆ ಉದ್ದನೆಯ ಜಗಲಿ, ಅಂಗಳದಲ್ಲಿ ತುಳಸಿಕಟ್ಟೆ, ಅದರಾಚೆ ಒಂದು ಮಾವಿನ ಮರ. ಒಳಗೆ ನಡುಮನೆ, ದೇವರ ಕೋಣೆ, ಕತ್ತಲೆಯ ಉಗ್ರಾಣ. ಹಿಂದೆ ಬಚ್ಚಲಲ್ಲಿ ಬೆಂಕಿ ಹಾಕಿ ನೀರು ಕಾಯಿಸುವ ತಾಮ್ರದ ಹಂಡೆ. ಮಕ್ಕಳು ಆ ಹಂಡೆಯನ್ನು ತಟ್ಟಿ ತಟ್ಟಿ ನೋಡಿದರು. ಅಜ್ಜಿ ಬಾಗಿಲಲ್ಲಿ ನಿಂತು ಅದರ ಕಥೆ ಹೇಳಿದರು. ಅಂಕೋಲೆಯಲ್ಲಿ ಕರನಿರಾಕರಣೆ ನಡೆದಾಗ ಸರ್ಕಾರದವರು ಈ ಮನೆಯ ಪಾತ್ರೆಪಗಡೆಗಳನ್ನು ಜಪ್ತಿ ಮಾಡಿದ್ದರಂತೆ. ಹಂಡೆಯನ್ನು ಹಿಂದಿನ ರಾತ್ರಿಯೇ ಬಾವಿಗಿಳಿಸಿದ್ದರಿಂದ ಅದೊಂದು ಉಳಿಯಿತಂತೆ. 1930ರ ಏಪ್ರಿಲ್ 13ರಂದು ಅಂಕೋಲೆಯ ದಂಡೆಯಲ್ಲಿ ಎಂ.ಪಿ. ನಾಡಕರ್ಣಿಯವರು ಉಪ್ಪಿನ ಕಾಯ್ದೆ ಮುರಿದದ್ದನ್ನು, ಅದರ ಬೆನ್ನಿಗೆ ಈ ಸೀಮೆಯ ರೈತರು ಕಂದಾಯ ಕೊಡದೆ ಜಮೀನು ಕಳೆದುಕೊಂಡದ್ದನ್ನು ನಾವು ಶಾಲೆಯಲ್ಲಿ ಓದಿದ್ದೆವು. ಆದರೆ ಓದಿದ ಪಾಠದ ಹಂಡೆಯಲ್ಲಿ ಸ್ನಾನಕ್ಕೆ ನೀರು ಕಾಯಿಸಿದ್ದು ಅದೇ ಮೊದಲು.

ಸಂಜೆಯಾಯಿತು. ಮಗ್ರಿಬ್ ನಮಾಝಿಗೆ ವುಝೂ ಮಾಡಿ ಬಂದು, ಫೋನಿನಲ್ಲಿ ಕಿಬ್ಲಾ ಹುಡುಕಿದರೆ ಅಲ್ಲಿ ನೆಟ್‌ವರ್ಕ್ ಇಲ್ಲ. ಜಗಲಿಯಲ್ಲಿ ಅತ್ತಿತ್ತ ತಿರುಗುತ್ತಿದ್ದ ನಮ್ಮನ್ನು ನೋಡಿ ಅಜ್ಜಿ ಅಂಗಳದಿಂದಲೇ ಕೂಗಿದರು: "ಎಂತ ಹುಡುಕ್ತ್ರಿ? ಪಡುವಣ ಆ ಬದಿಗೆ ಅದೆ, ಸಮುದ್ರದ ಬದಿ. ಸಾಯ್ಬರು ಆ ಕಂಬದ ಹತ್ರನೇ ಚಾಪೆ ಹಾಸ್ತಿದ್ರು."

ಯಾವ ಸಾಯ್ಬರು? ನಮಾಝ್ ಮುಗಿಸಿ ಕೇಳಿದೆವು. ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ ಭಟ್ಕಳದ ಕಡೆಯ ಒಬ್ಬ ಬಟ್ಟೆ ವ್ಯಾಪಾರಿ ವರ್ಷಕ್ಕೆ ಎರಡು ಸಲ ಗಂಟು ಹೊತ್ತು ಬರುತ್ತಿದ್ದರು. ಈ ಜಗಲಿಯೇ ಅವರ ತಂಗುದಾಣ. ಮೂರು ದಿನ, ನಾಲ್ಕು ದಿನ ಇದ್ದು ಸುತ್ತಲಿನ ಹಳ್ಳಿಗಳಿಗೆ ಹೋಗಿ ಬರುತ್ತಿದ್ದರು. ಕುಚ್ಚಿಗೆ ಅಕ್ಕಿ ಗಂಜಿ, ಮೀನು ಸಾರು ಈ ಮನೆಯಿಂದಲೇ. ಹಣ ಕೊಟ್ಟದ್ದೂ ಇಲ್ಲ, ಕೇಳಿದ್ದೂ ಇಲ್ಲ. ಹೋಗುವಾಗ ಮನೆಯ ಹೆಣ್ಣುಮಕ್ಕಳಿಗೆ ಒಂದು ಕಣ ಬಟ್ಟೆ. ಒಂದು ಮಳೆಗಾಲದಲ್ಲಿ ಅವರಿಗೆ ಜ್ವರ ಬಂದು ಹದಿನೈದು ದಿನ ಮಲಗಿದ್ದಾಗ ಅಜ್ಜಿಯ ಮಾವನವರೇ ಕಷಾಯ ಕಾಯಿಸಿ ಕೊಟ್ಟಿದ್ದರು.

ಈ ಕಥೆ ಕೇಳಿ ನಮ್ಮ ಮನಸ್ಸು ತುಂಬಿತು. ಅತಿಥಿಗೆ ಮೂರು ದಿನಗಳ ಹಕ್ಕಿದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಆ ಮಾತು ಕೇಳಿರದ ಮನೆಯೊಂದು ಅದನ್ನು ಪಾಲಿಸಿತ್ತು. ಅಷ್ಟರಲ್ಲಿ ನಮ್ಮ ಚಿಕ್ಕ ಮಗ ಕೇಳಿದ: "ಜ್ವರ ಬಂದಾಗ ಅವರು ಯಾವ ಕೋಣೆಯಲ್ಲಿ ಮಲಗಿದ್ದರು?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಜಗಲಿ ಮೇಲೇ ಮಗಾ. ಮಳೆ ಇರಚಲು ಹೊಡೀತಿತ್ತು, ತಟ್ಟಿ ಕಟ್ಟಿದ್ರು. ಒಳಗೆ ಯಾರನ್ನೂ ಕರೀತಿರಲಿಲ್ಲ ಆಗ. ಹಾಲಕ್ಕಿಯವರೂ ಅಂಗಳದಲ್ಲೇ."

ಆ ರಾತ್ರಿ ನಾವು ಒಳಮನೆಯಲ್ಲಿ ಮಲಗಿದೆವು. ಹೊರಗೆ ಜಗಲಿ ಖಾಲಿ ಬಿದ್ದಿತ್ತು. ನಿದ್ದೆ ಬೇಗ ಬರಲಿಲ್ಲ. ಆ ವ್ಯಾಪಾರಿಗೆ ಸಿಕ್ಕ ಪ್ರೀತಿ ನಮಗೆ ಯಾವ ಬಾಡಿಗೆಗೂ ಸಿಗಲಾರದು. ಆದರೆ ನಮಗೆ ಸಿಕ್ಕ ಈ ನಾಲ್ಕು ಗೋಡೆಗಳ ನಡುವಿನ ಜಾಗ ಅವರಿಗೆ ಜ್ವರದಲ್ಲೂ ಸಿಗಲಿಲ್ಲ. ನಮ್ಮ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ಹಿಂದಿನ ಕಾಲದ ಸೌಹಾರ್ದವನ್ನು ಎಷ್ಟು ಸುಲಭವಾಗಿ ಕೊಂಡಾಡುತ್ತೇವೆ. ಅದು ಸುಳ್ಳಲ್ಲ. ಆದರೆ ಅದಕ್ಕೊಂದು ಹೊಸಿಲಿತ್ತು. ಇಂದು ದುಡ್ಡು ಆ ಹೊಸಿಲನ್ನು ದಾಟಿಸಿದೆ. ಆ ದುಡ್ಡೂ ಮೊದಲ ಮನೆಯವರ ಫೋನಿನಲ್ಲಿ ಹೆಸರಿನ ಮುಂದೆ ಸೋತಿತ್ತು.

ಮರುದಿನ ಕಾರವಾರಕ್ಕೆ ಹೋದೆವು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ ಮೇಲೆ ಜಿಲ್ಲಾ ಕೇಂದ್ರವಾಗಿ ಬೆಳೆದ ಊರದು. ಐಸಿಎಸ್ ಗೆದ್ದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಇಪ್ಪತ್ತೆರಡರ ಆಸುಪಾಸಿನ ತಮ್ಮ ರವೀಂದ್ರನಾಥರು ಬಂದು ಅಣ್ಣನ ಮನೆಯಲ್ಲಿ ಉಳಿದಿದ್ದರು. 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಬರೆದದ್ದು ಇಲ್ಲಿಯೇ. ಕಾರವಾರದ ಕಡಲ ದಂಡೆಗೆ ಅವರ ಹೆಸರಿದೆ. ಅಣ್ಣನ ಮನೆಯಲ್ಲಿ ಅತಿಥಿಯಾಗಿ ಕಳೆದ ಕೆಲವು ದಿನಗಳನ್ನು ಒಂದು ಊರು ಇಷ್ಟು ಕಾಲ ನೆನಪಿಟ್ಟಿದೆ.

ಅಲ್ಲಿಂದ ಕಾಳಿ ನದಿ ದಾಟಿ ಸದಾಶಿವಗಡಕ್ಕೆ ಹೋದೆವು. ನದಿಯ ಹಳೆಯ ಸೇತುವೆ ಆ ವರ್ಷದ ಆಗಸ್ಟ್ 7ರ ನಸುಕಿನಲ್ಲಿ ಕುಸಿದಿತ್ತು. ಪಕ್ಕದ ಹೊಸ ಸೇತುವೆಯ ಮೇಲೆ ಮಕ್ಕಳು ಉಸಿರು ಬಿಗಿಹಿಡಿದು ಕುಳಿತಿದ್ದರು. ಸೋದೆ ಅರಸರ ಕಾಲದ ಕೋಟೆಯ ಗುಡ್ಡದಲ್ಲಿ ದುರ್ಗಾದೇವಿಯ ಗುಡಿ, ಅದಕ್ಕೆ ಹತ್ತಿರದಲ್ಲೇ ಪೀರ್ ಶಂಸುದ್ದೀನ್ ಖರೋಬತ್‌ರ ದರ್ಗಾ. ಎರಡೂ ಕಡೆ ಜನ ಬಂದುಹೋಗುತ್ತಿದ್ದರು.

ಹಿಂದಿರುಗುವಾಗ ಹೆದ್ದಾರಿಯ ಬದಿಯಲ್ಲಿ ಉದ್ದಕ್ಕೂ ನೌಕಾನೆಲೆಯ ಆವರಣ ಗೋಡೆ ಕಂಡಿತು. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆ, 2005ರಲ್ಲಿ ಐಎನ್‌ಎಸ್ ಕದಂಬ ಆಯಿತು. ಅರ್ಗಾ, ಬಿಣಗಾ ಮುಂತಾದ ಕಡಲಂಚಿನ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಅಜ್ಜಿಯ ತವರುಮನೆ ಆ ಗೋಡೆಯಾಚೆ ಇತ್ತು. ಅಂದು ಸಂಜೆ ಅವರು ಹೇಳಿದರು: "ನಮ್ಮ ಅಪ್ಪನ ಮನೆ ಇದಕ್ಕಿಂತ ಚಂದ ಇತ್ತು. ದುಡ್ಡು ಕೊಟ್ರು. ದುಡ್ಡಿನಲ್ಲಿ ಆರ್‌ಸಿಸಿ ಮನೆ ಆಯ್ತು, ಜಗಲಿ ಆಗಲಿಲ್ಲ."

ಆಗ ತಿಳಿಯಿತು, ಈ ಮನೆಯನ್ನು ಅವರು ಏಕೆ ಬಿಡಲೊಲ್ಲರು ಎಂದು. ಇಂತಹ ಮನೆ ಉಳಿಸುವುದು ಅಗ್ಗದ ಕೆಲಸವಲ್ಲ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸಬೇಕು, ಒಡೆದವನ್ನು ಬದಲಿಸಬೇಕು. ಗೆದ್ದಲು ಹತ್ತದಂತೆ ಪಕಾಸಿಗೆ ಗೇರೆಣ್ಣೆ ಬಳಿಯಬೇಕು. ಹೆಂಚು ಹತ್ತಿ ನಡೆಯಬಲ್ಲ ಕೆಲಸಗಾರರು ಊರಲ್ಲಿ ಬೆರಳೆಣಿಕೆ. ಬೀಗ ಹಾಕಿದ ಮನೆ ಎರಡು ಮಳೆಗಾಲ ತಡೆಯುವುದಿಲ್ಲ, ಹೊಗೆ ಆಡುವ ಮನೆ ನೂರು ವರ್ಷ ನಿಲ್ಲುತ್ತದೆ ಎಂದರು ಅಜ್ಜಿ. ಜುಲೈ 16ರಂದು ಇದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ, ಜನ, ಲಾರಿಗಳನ್ನು ಗಂಗಾವಳಿಗೆ ತಳ್ಳಿದ ಮಳೆಯಲ್ಲಿ ಈ ಮನೆಯ ಹಿಂಗೋಡೆಯೂ ನೆನೆದು ಉಬ್ಬಿತ್ತು. ಅದನ್ನು ರಿಪೇರಿ ಮಾಡಿಸಿದ್ದು ಪ್ರವಾಸಿಗರ ಬಾಡಿಗೆಯಲ್ಲೇ. ನಮ್ಮಲ್ಲಿ ಲಡ್ಲೋದ ಹಾಗೆ ಹಳ್ಳಿಯ ಮನೆಯನ್ನು ಪಟ್ಟಿಗೆ ಸೇರಿಸಿ ಕಾಯುವವರಿಲ್ಲ. ನಮ್ಮ ನಾಲ್ಕು ದಿನಗಳ ಹಣ ಒಂದಿಷ್ಟು ಹೆಂಚಾಗುತ್ತದೆ ಎಂಬುದು ಸಣ್ಣ ಸಮಾಧಾನ.

ಹೊರಡುವ ಬೆಳಿಗ್ಗೆ ಅಜ್ಜಿ ಬೀಗದ ಕೈ ಪಡೆಯಲು ಬಂದರು. ನಾವು ಅಡುಗೆಮನೆ ಗುಡಿಸಿ, ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿಟ್ಟಿದ್ದೆವು. ಅವರು ಅದನ್ನೇ ನೋಡುತ್ತಾ ನಿಂತರು. ಆಮೇಲೆ ಅಂಗಳದ ಮಾವಿನ ಮರವನ್ನು ತೋರಿಸಿ, "ಕರಿ ಇಶಾಡು ಅದು. ಮೇ ತಿಂಗಳಿಗೆ ಬನ್ನಿ. ಮಗನಿಗೆ ಫೋನ್ ಮಾಡೂದು ಬೇಡ, ನನಗೆ ಹೇಳಿದ್ರೆ ಸಾಕು" ಎಂದರು. ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದ್ದು ನಮಗೆ ಗೊತ್ತಿತ್ತು. ಆದರೆ ಮಗನಿಗೆ ಫೋನ್ ಮಾಡುವುದು ಬೇಡ ಎಂದರೆ ಬಾಡಿಗೆ ಬೇಡವೆಂದು. ಜಗಲಿಯ ಸಾಯ್ಬರಿಗೆ ಸಿಕ್ಕಿದ್ದು ಒಳಮನೆಯಲ್ಲಿದ್ದ ನಮಗೂ ಸಿಕ್ಕಿತೆಂದು ಆಗ ಅನ್ನಿಸಿತು. ಆದರೂ "ಬರುತ್ತೇವೆ ಅಜ್ಜಿ, ಬಾಡಿಗೆ ಕೊಟ್ಟೇ ಬರುತ್ತೇವೆ. ಹೆಂಚಿಗೆ ಬೇಕಲ್ಲ" ಎಂದೆವು. ಅವರು ನಕ್ಕರು.

ಆ ಮನೆಯಲ್ಲಿ ಬಂದುಹೋದವರು ಬರೆಯುವ ಪುಸ್ತಕ ಇರಲಿಲ್ಲ. ಮಕ್ಕಳು ಅಂಕೋಲಾ ಪೇಟೆಯಿಂದ ಒಂದು ನೋಟುಪುಸ್ತಕ ತಂದು ಜಗಲಿಯ ಗೂಡಿನಲ್ಲಿ ಇಟ್ಟಿದ್ದರು. ಮೊದಲ ಪುಟದಲ್ಲಿ ನಮ್ಮ ಹೆಸರು ಬರೆಯುವ ಮುನ್ನ ಅಜ್ಜಿಯನ್ನು ಕೇಳಿದೆವು, ಆ ಬಟ್ಟೆ ವ್ಯಾಪಾರಿಯ ಹೆಸರೇನೆಂದು. ಅವರಿಗೆ ನೆನಪಿರಲಿಲ್ಲ. "ಸಾಯ್ಬರು ಅಂತಲೇ ಕರೀತಿದ್ದದ್ದು" ಎಂದರು. ಹಾಗಾಗಿ ಮೊದಲ ಸಾಲಿನಲ್ಲಿ ಭಟ್ಕಳದ ಸಾಯ್ಬರು ಎಂದು ಬರೆದು, ಅದರ ಕೆಳಗೆ ನಮ್ಮ ಹೆಸರುಗಳನ್ನು ಬರೆದೆವು.

ಊರಿಗೆ ಮರಳಿದ ತಿಂಗಳಲ್ಲಿ ನಮ್ಮ ಮಹಡಿ ಮನೆ ಖಾಲಿಯಾಯಿತು. ಕೇಳಿಕೊಂಡು ಒಬ್ಬರು ಬಂದರು. ನಾಲಿಗೆಯ ತುದಿಗೆ ಹಳೆಯ ಪ್ರಶ್ನೆಯೇ ಬಂದಿತ್ತು. ಮಗಳು ಬಾಗಿಲ ಬಳಿ ನಿಂತು ನೋಡುತ್ತಿದ್ದಳು. "ಎಷ್ಟು ಜನ ಇದ್ದೀರಿ?" ಎಂದು ಕೇಳಿದೆವು.