ಗುಡ್ಡ ಇಲ್ಲಿ, ಬೆಲೆ ಅಲ್ಲಿ

ಸಂಡೂರು. ಊರವರು ಸ್ಮಯೋರ್ ಎನ್ನುವ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿಯನ್ನು 1954ರಲ್ಲಿ ಇಲ್ಲಿನ ಅರಸುಮನೆತನದ ಯಶವಂತರಾವ್ ಘೋರ್ಪಡೆ ಕಟ್ಟಿದರು. ನೋಂದಾಯಿತ ಕಚೇರಿ ಇರುವುದು ಅರಮನೆ ರಸ್ತೆಯಲ್ಲಿ. ಅದಿರು ಇಲ್ಲಿಯದು, ಧೂಳು ಇಲ್ಲಿಯದು, ಷೇರಿನ ಬೆಲೆ ಮಾತ್ರ ಮುಂಬಯಿಯಲ್ಲಿ ನಿಶ್ಚಯವಾಗುತ್ತದೆ. ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ, ಈ ಗುಡ್ಡವನ್ನು ಎಂದೂ ಕಂಡಿರದವರು ಕೊಳ್ಳುತ್ತಾರೆ, ಮಾರುತ್ತಾರೆ.

ಷೇರು ಕೊಂಡವನು ಗುಡ್ಡದ ಒಡೆಯನೇ? ಅಲ್ಲ. ಕಂಪನಿಗೇ ಗುಡ್ಡ ಸೇರಿದ್ದಲ್ಲ. ಕಂಪನಿ ಗುತ್ತಿಗೆ ಹಿಡಿದು ಅಗೆಯುತ್ತದೆ, ಸರ್ಕಾರಕ್ಕೆ ರಾಜಧನ ಕಟ್ಟುತ್ತದೆ. ಗುತ್ತಿಗೆಗೆ ಕೊನೆಯ ದಿನಾಂಕವಿರುತ್ತದೆ. ಹೊಸದಾಗಿ ಷೇರು ಕೊಳ್ಳುವವರು ವರ್ಷದ ಲಾಭ ನೋಡುತ್ತಾರೆ, ಗುತ್ತಿಗೆ ಯಾವ ವರ್ಷಕ್ಕೆ ಮುಗಿಯುತ್ತದೆ ಎಂದು ವಾರ್ಷಿಕ ವರದಿಯಲ್ಲಿ ಹುಡುಕುವವರು ಕಡಿಮೆ.

2024ರ ಫೆಬ್ರವರಿಯ ಒಂದು ಗೊಂದಲ. ಸ್ಮಯೋರ್ ಒಂದು ಷೇರಿಗೆ ಐದು ಬೋನಸ್ ಷೇರು ಕೊಟ್ಟಿತು. ಬೆಲೆ ಒಂದೇ ದಿನದಲ್ಲಿ ಆರರಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳಿಯಿತು. ಮೊಬೈಲಿನಲ್ಲಿ ಕೆಂಪು ಅಂಕಿ ಕಂಡವರಿಗೆ ಎದೆ ಧಸಕ್ಕೆಂದಿರಬೇಕು. ಲೆಕ್ಕ ಹಾಕಿ ನೋಡಿದೆ. 3000 ರೂಪಾಯಿಯ ಒಂದು ಷೇರು ಇತ್ತೆನ್ನಿ. ಈಗ 500 ರೂಪಾಯಿಯವು ಆರು. ಗಂಟು ಅಷ್ಟೇ. ಯಾರಿಗೂ ಏನೂ ಸಿಗಲಿಲ್ಲ, ಯಾರದೂ ಏನೂ ಹೋಗಲಿಲ್ಲ. ಹಾಗಿದ್ದರೆ ಬೋನಸ್ ಸುದ್ದಿ ಬಂದೊಡನೆ ಜನ ಕೊಳ್ಳಲು ಮುಗಿಬೀಳುವುದೇಕೆ? ಇದು ನನಗೆ ಇನ್ನೂ ಬಗೆಹರಿದಿಲ್ಲ. ಅದಕ್ಕೂ ಮುಂಚೆ, 2022ರಲ್ಲಿ, ಇದೇ ಕಂಪನಿ ಇದ್ದ ಷೇರುದಾರರಿಗೆ 200 ರೂಪಾಯಿಗೊಂದರಂತೆ ಹಕ್ಕಿನ ಷೇರು ನೀಡಿತ್ತು. ಅದರಲ್ಲಿ ಜೇಬಿನಿಂದ ದುಡ್ಡು ಹೋಗುತ್ತದೆ. ಬೋನಸ್‌ನಲ್ಲಿ ಹೋಗುವುದಿಲ್ಲ. ಎರಡನ್ನೂ ಒಂದೇ ಎಂದುಕೊಂಡವರು ಬಹಳ ಜನ.

ಕಂಪ್ಲಿ. ಭತ್ತದ ಗದ್ದೆ ಬದುವಿನ ಮೇಲೆ ಒಬ್ಬ ಹಿರಿಯರು ಷೇರಿನ ಬಗ್ಗೆ ಕೇಳಿದರು: “ಕೋರಿಗೆ ಹೊಲ ಹಾಕಿದಂಗ ಏನಪ್ಪಾ ಇದು?” ಅರ್ಧ ಹೌದು. ಬೆಳೆ ಹೋದರೆ ಇಬ್ಬರಿಗೂ ನಷ್ಟ. ಆದರೆ ಕೋರಿನಲ್ಲಿ, ಅಂದರೆ ಪಾಲಿನ ಬೇಸಾಯದಲ್ಲಿ, ರಾಶಿ ಆದ ದಿನವೇ ಪಾಲು ಅಳೆದು ಕೊಡಬೇಕು. ಕಂಪನಿಗೆ ಆ ಕಟ್ಟಿಲ್ಲ. ಲಾಭ ಬಂದರೂ ಡಿವಿಡೆಂಡ್ ಕೊಡದೆ ಹೊಸ ಕಾರ್ಖಾನೆಗೆ ಹಾಕಬಹುದು. “ಹಂಗಾದ್ರ ಕೇಳೋರ್ಯಾರು?” ಅಂದರು. ಷೇರುದಾರರ ಸಭೆಯಲ್ಲಿ ಕೇಳಬಹುದು, ಹತ್ತು ಷೇರಿನವನ ದನಿ ಎಷ್ಟು ದೂರ ಹೋದೀತೋ.

ಹೊಸಪೇಟೆ. ಅದಿರು ಲಾರಿಗಳನ್ನು ಎಣಿಸಿ ಷೇರು ಕೊಳ್ಳುತ್ತೇನೆ ಎನ್ನುವವರು ಇಲ್ಲಿದ್ದಾರೆ. ರಸ್ತೆಯಲ್ಲಿ ಕಂಡದ್ದು ಎಲ್ಲರಿಗೂ ಕಂಡದ್ದೇ, ತಪ್ಪಿಲ್ಲ. ಕಂಪನಿಯ ಒಳಗಿನವರಿಂದ ಪ್ರಕಟವಾಗದ ಫಲಿತಾಂಶ ತಿಳಿದು ಷೇರು ಕೊಂಡರೆ ಅದು ಷೇರುಪೇಟೆಯ ನಿಯಂತ್ರಕ ಸೆಬಿಯ ಕಾನೂನಿಗೆ ವಿರುದ್ಧ. ಅಂತೂ ಲಾರಿ ಎಣಿಕೆಯ ಮೇಲೆ ನನಗೆ ನಂಬಿಕೆಯಿಲ್ಲ. ತೋರಣಗಲ್ಲಿನ ಜಿಂದಾಲ್ ಕುಲುಮೆಯ ಲಾಭ ಆಸ್ಟ್ರೇಲಿಯಾದ ಕಲ್ಲಿದ್ದಲಿನ ದರ, ಚೀನಾದ ಉಕ್ಕಿನ ದರ ನೋಡಿ ಹೆಚ್ಚುಕಡಿಮೆಯಾಗುತ್ತದೆ. ಅವು ಈ ಹೆದ್ದಾರಿಯಲ್ಲಿ ಹಾಯುವುದಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತಲ್ಲ, ಅದರ ಹಿಂದಿನ ದಿನ ಲಾರಿ ಎಣಿಸಿದವನಿಗೆ ಏನು ತಿಳಿದಿರುತ್ತಿತ್ತು?

ಹಂಪಿ. ಪ್ರವಾಸಿಗರಿಲ್ಲದ ಹೊತ್ತಿನಲ್ಲಿ ಒಬ್ಬ ಹುಡುಗ ಮೊಬೈಲಿನಲ್ಲಿ ಆಪ್ಷನ್ಸ್ ಆಡುತ್ತಿದ್ದ. ಷೇರು ತಗೊಂಡಿದ್ದೀಯಾ ಅಂದರೆ ಇಲ್ಲ ಎಂದ. ಕಂಪನಿಯಲ್ಲಿ ಪಾಲೇ ಇಲ್ಲದೆ ಬೆಲೆಯ ಮೇಲೆ ಮಾತ್ರ ಪಣ. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಅದರ ಹಿಂದಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಕೈಹಾಕಿದ ಸಾಮಾನ್ಯರಲ್ಲಿ ಶೇ. 93 ಮಂದಿ ಕಳೆದುಕೊಂಡಿದ್ದಾರೆ. ಹೇಳಿದೆ. “ನಾನು ಉಳಿದ ಏಳರಾಗ ಅದೀನಿ ಸರ್” ಎಂದ.

ಮತ್ತೆ ಸಂಡೂರು. ಹಳೆ ಮನೆಗಳ ಟ್ರಂಕಿನಲ್ಲಿ ಕಾಗದದ ಷೇರುಪತ್ರಗಳು ಇನ್ನೂ ಇರಬಹುದು. 2019ರ ಏಪ್ರಿಲ್‌ನಿಂದ ಕಾಗದದಲ್ಲೇ ಇನ್ನೊಬ್ಬರಿಗೆ ಮಾರಿ ವರ್ಗಾಯಿಸುವಂತಿಲ್ಲ, ಡಿಮ್ಯಾಟ್, ಅಂದರೆ ವಿದ್ಯುನ್ಮಾನ ರೂಪಕ್ಕೆ ಬದಲಾವಣೆ, ಆಗಲೇಬೇಕು. ಏಳು ವರ್ಷ ಸತತವಾಗಿ ಡಿವಿಡೆಂಡ್ ಕೇಳದೆ ಬಿಟ್ಟರೆ ಷೇರುಗಳೇ ಕೇಂದ್ರದ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತವೆ. ಅರ್ಜಿ ಹಾಕಿ ವಾಪಸು ಪಡೆಯಬಹುದು. ತಾತನ ಹೆಸರಿನ ಪತ್ರಕ್ಕೆ ಮೂವರು ಮೊಮ್ಮಕ್ಕಳು ವಾರಸುದಾರರಾದರೆ ಯಾರು ಓಡಾಡಬೇಕೆಂಬುದು ಬೇರೆ ಪಂಚಾಯಿತಿ.