ಬೆಳಕಿನಲ್ಲಿ ಉಳಿತಾಯ

ಹಳೆಯ ಟಾಕೀಸುಗಳ ಬಗ್ಗೆ ಬರೆಯುವವರೆಲ್ಲ ಪ್ರೊಜೆಕ್ಟರಿನ ಟರಟರ ಸದ್ದನ್ನೂ ಕಿಂಡಿಯಿಂದ ಹೊರಟ ಬೆಳಕಿನ ಕೋಲನ್ನೂ ಹೊಗಳುತ್ತಾರೆ. ಅವರು ಕೂತಿದ್ದುದು ಕೆಳಗೆ. ನಾನಿದ್ದುದು ಮೇಲೆ, ಕಿಂಡಿಯ ಈಚೆಗೆ. ಅಲ್ಲಿ ಆ ಸದ್ದಿಗೆ ಕಿವಿ ಮಂದವಾಗುತ್ತಿತ್ತು, ಕಾರ್ಬನ್ ಹೊಗೆಗೆ ಗಂಟಲು ಕೆರೆಯುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ಮ್ಯಾಟಿನಿ ಮುಗಿಯುವ ಹೊತ್ತಿಗೆ ಬನಿಯನ್ನು ಹಿಂಡಿದರೆ ನೀರು ಬರುತ್ತಿತ್ತು. ಈಗಿನ ಡಿಜಿಟಲ್ ಪ್ರೊಜೆಕ್ಟರಿನ ರೂಮಿನಲ್ಲಿ ಇದ್ಯಾವುದೂ ಇಲ್ಲ, ಏಸಿ ಇದೆ. ಆ ಕಾಲ ಹೋಯಿತಲ್ಲ ಎಂಬ ಕೊರಗು ನನಗಿಲ್ಲ. ನನ್ನ ತಕರಾರು ಬೇರೆ. ಅದನ್ನು ಹೇಳಬೇಕಾದರೆ ಕಾರ್ಬನ್ ಕಡ್ಡಿಯಿಂದಲೇ ಶುರುಮಾಡಬೇಕು.

ನಾನು ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದಲ್ಲಿ, ಅರಸೀಕೆರೆ ಕಡೆಯ ಒಂದು ತಾಲ್ಲೂಕು ಕೇಂದ್ರದ ಟಾಕೀಸಿಗೆ. ಅಲ್ಲಿ ಎರಡು ಪ್ರೊಜೆಕ್ಟರುಗಳಿದ್ದವು. ನಾವು ಅವನ್ನು ಮೆಷಿನ್ನು ಎನ್ನುತ್ತಿದ್ದೆವು. ಒಂದೊಂದರ ಬೆನ್ನಿಗೂ ಒಂದು ಲ್ಯಾಂಪ್‌ಹೌಸ್, ಅದರ ನೆತ್ತಿಯ ಮೇಲೆ ಹೊಗೆ ಹೋಗಲು ತಗಡಿನ ಕೊಳವೆ. ಒಳಗೆ ಬಲ್ಬು ಇರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿ ತಾಗಿಸಿ ತಟ್ಟನೆ ಬಿಡಿಸಿದರೆ ನಡುವೆ ಬೆಳಕು ಹೊತ್ತಿಕೊಳ್ಳುತ್ತಿತ್ತು. ಹಿಂದಿನ ಕನ್ನಡಿ ಅದನ್ನು ಒಟ್ಟುಗೂಡಿಸಿ ಫಿಲ್ಮಿನ ಮೇಲೆ ಬಿಡುತ್ತಿತ್ತು. ಉರಿದಂತೆ ಕಡ್ಡಿ ಸವೆಯುತ್ತದೆ, ಸವೆದಂತೆ ನಡುವಿನ ಸಂದು ಅಗಲವಾಗುತ್ತದೆ. ತಿರುಗಣಿ ತಿರುಗಿಸಿ ಸಂದನ್ನು ಸರಿಮಾಡುತ್ತಲೇ ಇರಬೇಕು. ಒಂದೆರಡು ನಿಮಿಷ ಮರೆತರೆ ಪರದೆಯ ಮೇಲೆ ನಾಯಕಿಯ ಮುಖ ಕಂದುಬಣ್ಣಕ್ಕೋ ನೀಲಿಗೋ ತಿರುಗಿರುತ್ತಿತ್ತು.

ಕೆಳಗಿನವರು ಅಷ್ಟು ಹೊತ್ತು ಕಾಯುತ್ತಿರಲಿಲ್ಲ. ಬೆಳಕು ಸ್ವಲ್ಪ ಇಳಿದರೆ ಅಗ್ಗದ ಟಿಕೆಟ್ಟಿನ ಗಾಂಧಿ ಕ್ಲಾಸಿನಿಂದ ಮೊದಲು ಸಿಳ್ಳೆ, ಆಮೇಲೆ "ಕಾರ್ಬನ್ ಹಾಕ್ಲೇ!" ಎಂಬ ಕೂಗು, ಅದೂ ಆಗದಿದ್ದರೆ ಆಪರೇಟರನ ಮನೆತನದ ವಿಚಾರಣೆ. ನಮ್ಮ ಹಿರಿಯ ಆಪರೇಟರನ್ನು ಊರೆಲ್ಲ ಸಾಹೇಬರು ಎಂದೇ ಕರೆಯುತ್ತಿತ್ತು. ನಾನು ಕಿಂಡಿಯಲ್ಲಿ ಇಣುಕಿ ಹಾಡು ನೋಡುತ್ತ ನಿಂತರೆ, "ಕಡ್ಡಿ ನೋಡೋ ಮೊದ್ಲು, ಸಿನಿಮಾ ಆಮೇಲೆ ನೋಡೀಯಂತೆ" ಎಂದು ಹಿಂದಿನಿಂದ ಗದರುತ್ತಿದ್ದರು.

ಟಾಕೀಸಿನ ಮಾಲೀಕರಾದ ಸಾಹುಕಾರರ ಕಣ್ಣು ಬೀಳುತ್ತಿದ್ದುದೂ ಕಡ್ಡಿಯ ಮೇಲೆಯೇ. ಸಿನಿಮಾದ ಬಾಡಿಗೆಯನ್ನು ಕಡಿಮೆ ಮಾಡಿಸುವ ಶಕ್ತಿ ಅವರಿಗಿರಲಿಲ್ಲ, ತೆರಿಗೆ ತಪ್ಪಿಸುವಂತಿರಲಿಲ್ಲ, ಜನರೇಟರಿನ ಡೀಸೆಲ್ಲಿಗೆ ಚೌಕಾಸಿ ನಡೆಯುತ್ತಿರಲಿಲ್ಲ. ಕೈಗೆ ಸಿಗುತ್ತಿದ್ದುದು ಬೆಳಕೊಂದೇ. ಹಾಗಾಗಿ ಕಡ್ಡಿಗಳನ್ನು ಎಣಿಸಿ ಕೊಡುತ್ತಿದ್ದರು, ಉರಿದು ಉಳಿದ ಮೋಟುಗಳನ್ನು ಎಣಿಸಿ ವಾಪಸ್ಸು ತೆಗೆದುಕೊಳ್ಳುತ್ತಿದ್ದರು. ಮೋಟು ಉದ್ದ ಉಳಿದಿದ್ದರೆ ಅದನ್ನು ಹಿಡಿಕೆಗೆ ಸಿಕ್ಕಿಸಿ ಇನ್ನಷ್ಟು ಉರಿಸಬೇಕೆಂದು ಅವರ ಹಟ. ಸಾಹೇಬರು ಒಪ್ಪುತ್ತಿರಲಿಲ್ಲ. "ಕಡ್ಡಿ ಉಳಿಸಿದ್ರೆ ಕುರ್ಚಿ ಉಳಿಯಲ್ಲ ಸ್ವಾಮಿ" ಎಂದು ಎದುರಿಗೇ ಹೇಳುತ್ತಿದ್ದರು. ಹೇಳಲು ಅವರಿಗೆ ಧೈರ್ಯ ಕೊಟ್ಟಿದ್ದು ಜೇಬಿನಲ್ಲಿದ್ದ ಆಪರೇಟರ್ ಲೈಸೆನ್ಸು ಮತ್ತು ಕೆಳಗೆ ಕೂತ ಗಾಂಧಿ ಕ್ಲಾಸು. ಸಾಹುಕಾರರ ಜಿಪುಣತನಕ್ಕೂ ಜನರ ಕಣ್ಣಿಗೂ ನಡುವೆ ಒಬ್ಬ ಮನುಷ್ಯ ನಿಂತಿದ್ದ ಎನ್ನುವುದು ಆಗ ನನಗೆ ಹೊಳೆದಿರಲಿಲ್ಲ. ಸಂಬಳ ಸಾಲುತ್ತಿಲ್ಲ ಎನ್ನುವುದು ಮಾತ್ರ ಹೊಳೆದಿತ್ತು.

ರೀಲಿನ ಲೆಕ್ಕ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 35 ಎಂ.ಎಂ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ, ಅಂದರೆ ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ಒಂದು ರೀಲಿಗೆ 11 ನಿಮಿಷ. ಎರಡೂವರೆ ಗಂಟೆಯ ಸಿನಿಮಾ ಎಂದರೆ ಹದಿಮೂರೂವರೆ ಸಾವಿರ ಅಡಿ. ಎರಡೆರಡು ರೀಲನ್ನು ಒಂದು ಸ್ಪೂಲಿಗೆ ಸುತ್ತಿಕೊಂಡರೂ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಮೆಷಿನ್ನಿನಿಂದ ಇನ್ನೊಂದಕ್ಕೆ ದಾಟಲೇಬೇಕು. ಸ್ಪೂಲು ಮುಗಿಯುವುದಕ್ಕೆ ಸುಮಾರು 8 ಸೆಕೆಂಡು ಮುಂಚೆ ಪರದೆಯ ಬಲ ಮೇಲ್ತುದಿಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಆಗ ಎರಡನೆಯ ಮೆಷಿನ್ನಿನ ಮೋಟರು ಹಾಕಬೇಕು. ಕೊನೆಯ ಸೆಕೆಂಡಿನಲ್ಲಿ ಇನ್ನೊಂದು ಚುಕ್ಕೆ, ಆಗ ಬೆಳಕು ಬದಲಾಯಿಸಬೇಕು. ಕೆಳಗೆ ಕೂತವರಿಗೆ ಏನೂ ಗೊತ್ತಾಗದಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ.

ಫಿಲ್ಮು ಏರಿಸುವುದರಲ್ಲೂ ಒಂದು ಸೂಕ್ಷ್ಮವಿತ್ತು. ಬೆಳಕಿನ ಮುಂದೆ ಫಿಲ್ಮು ತಡೆದು ತಡೆದು ಚಲಿಸುತ್ತದೆ, ಸೌಂಡ್ ಡ್ರಮ್ಮಿನ ಮೇಲೆ ಮಾತ್ರ ತಡೆಯಿಲ್ಲದೆ ಸಾಗಬೇಕು. ಅದಕ್ಕೇ ಒಂದು ಚಿತ್ರದ ಶಬ್ದವನ್ನು ಅದರ ಪಕ್ಕದಲ್ಲಿ ಅಚ್ಚು ಹಾಕದೆ 20 ಚೌಕಟ್ಟಿನಷ್ಟು ಮುಂದೆ ಹಾಕಿರುತ್ತಾರೆ. ನಡುವೆ ಬಿಡುವ ಲೂಪ್ ಹೆಚ್ಚುಕಡಿಮೆಯಾದರೆ ರಾಜ್‌ಕುಮಾರ್ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಇದನ್ನು ಸರಿಪಡಿಸಲು ಬೆಂಗಳೂರಿಗೆ ಫೋನು ಮಾಡಬೇಕಾಗಿರಲಿಲ್ಲ. ಲೂಪ್ ತೆಗೆದು ಮತ್ತೆ ಹಾಕಿದರೆ ಮುಗಿಯಿತು.

ಇಷ್ಟೆಲ್ಲ ಜಾಣ್ಮೆಯಿಂದ ನಾವು ತೋರಿಸುತ್ತಿದ್ದುದು ಏನನ್ನು ಎಂಬುದನ್ನೂ ಹೇಳಬೇಕು. ನಮ್ಮಂಥ ಊರಿಗೆ ಪ್ರಿಂಟು ಬರುತ್ತಿದ್ದುದು ಬೆಂಗಳೂರು, ಹಾಸನ, ತುಮಕೂರುಗಳಲ್ಲಿ ಓಡಿ ದಣಿದ ಮೇಲೆ. ಗಾಂಧಿನಗರದ ಹಂಚಿಕೆದಾರರ ಆಫೀಸಿನಿಂದ ತಗಡಿನ ಪೆಟ್ಟಿಗೆ ಬಸ್ಸಿನಲ್ಲೋ ರೈಲಿನಲ್ಲೋ ಬಂದಿಳಿದ ರಾತ್ರಿ ರಿವೈಂಡಿಂಗ್ ಬೆಂಚಿನ ಮೇಲೆ ಕೂತು, ಫಿಲ್ಮಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಪೂರ್ತಿ ಹಾಯಿಸುತ್ತಿದ್ದೆವು. ಹರಿದ ತೂತು ಬೆರಳಿಗೆ ಚುಚ್ಚುತ್ತದೆ. ಅಲ್ಲಿ ಕತ್ತರಿಸಿ, ಕೆರೆದು, ಸಿಮೆಂಟು ಹಚ್ಚಿ ಅಂಟಿಸಬೇಕು. ಪ್ರತಿ ಊರಿನಲ್ಲೂ ಹೀಗೆ ಒಂದೆರಡು ಚೌಕಟ್ಟು ಹೋಗಿ ಹೋಗಿ, ನಮ್ಮಲ್ಲಿಗೆ ಬರುವಾಗ ಹೊಡೆದಾಟದ ನಡುವೆ ಖಳನಾಯಕ ಕಾರಣವಿಲ್ಲದೆ ನೆಲಕ್ಕೆ ಬಿದ್ದಿರುತ್ತಿದ್ದ. ಗೀರುಗಳು ಎಷ್ಟಿದ್ದವೆಂದರೆ ಎಲ್ಲ ಸಿನಿಮಾದಲ್ಲೂ ಮಳೆ. ಶಿಫ್ಟಿಂಗ್ ಇದ್ದರಂತೂ ಕೇಳುವುದೇ ಬೇಡ. ಒಂದೇ ಪ್ರಿಂಟನ್ನು ಪಕ್ಕದ ಊರಿನ ಟಾಕೀಸಿನ ಜೊತೆ ಹಂಚಿಕೊಂಡು, ಅಲ್ಲಿ ಮುಗಿದ ರೀಲನ್ನು ಹುಡುಗನೊಬ್ಬ ಲೂನಾದಲ್ಲಿ ತರುತ್ತಿದ್ದ. ಲೂನಾ ಪಂಕ್ಚರ್ ಆದ ದಿನ ನಮ್ಮಲ್ಲಿ ಎರಡು ಇಂಟರ್‌ವಲ್ಲು.

ಓಟ ಮುಗಿದ ಪ್ರಿಂಟನ್ನು ಯಾರೂ ಜೋಪಾನ ಮಾಡುತ್ತಿರಲಿಲ್ಲ. ತುಂಡುಗಳು ಹುಡುಗರ ಕೈ ಸೇರಿ, ನೀರು ತುಂಬಿದ ಬಲ್ಬಿನ ಮುಂದೆ ಮನೆಗೋಡೆಯ ಸಿನಿಮಾ ಆಗುತ್ತಿದ್ದವು. ಮಿಕ್ಕದ್ದು ಗುಜರಿಗೆ. 1934ರ 'ಸತಿ ಸುಲೋಚನಾ', ಕನ್ನಡದ ಮೊದಲ ಮಾತಿನ ಚಿತ್ರ, ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಫಿಲ್ಮಿನ ಕಾಲದಲ್ಲಿ ಎಲ್ಲವೂ ಗಟ್ಟಿಯಾಗಿತ್ತು ಎನ್ನುವವರು ಇದಕ್ಕೆ ಏನು ಹೇಳುತ್ತಾರೋ.

ಕಾರ್ಬನ್ ಹೋಗಿ ಝೆನಾನ್ ದೀಪ ಬಂದಾಗ ಕೈಗಳಿಗೆ ಬಿಡುವು ಸಿಕ್ಕಿತು. ತಿರುಗಣಿಯಿಲ್ಲ, ಹೊಗೆಯಿಲ್ಲ. ಆದರೆ ಆ ಗಾಜಿನೊಳಗೆ ಅನಿಲವನ್ನು ಒತ್ತಡದಲ್ಲಿ ತುಂಬಿರುತ್ತಾರೆ, ಬೀಳಿಸಿದರೆ ಸಿಡಿಯುತ್ತದೆ. ಮುಖಕ್ಕೆ ಕವಚ, ಕೈಗೆ ಗ್ಲೌಸು ಹಾಕಿಕೊಂಡೇ ಬದಲಾಯಿಸಬೇಕು. ಸಾಹೇಬರು ಅದನ್ನು ಕಲಿತು, ಒಂದಷ್ಟು ವರ್ಷ ನಡೆಸಿ, ಕೆಲಸ ಬಿಟ್ಟು ತುಮಕೂರಿನ ಮಗನ ಮನೆ ಸೇರಿದರು.

ಡಿಜಿಟಲ್ ಬಂದಾಗ ನಾನು ಅದನ್ನು ಕೂರಿಸುವ ತಂಡದಲ್ಲಿ ಸೇರಿಕೊಂಡೆ. ನಮ್ಮ ಕಡೆಯ ಸಣ್ಣ ಟಾಕೀಸುಗಳಿಗೆ ಮೊದಲು ಬಂದದ್ದು ಉಪಗ್ರಹದ ಮೂಲಕ ಸಿನಿಮಾ ಇಳಿಸಿಕೊಳ್ಳುವ ಇ-ಸಿನಿಮಾ. ಹಾಲಿವುಡ್ ಸ್ಟುಡಿಯೋಗಳ ಒಕ್ಕೂಟ 2005ರಲ್ಲಿ ಬರೆದಿಟ್ಟ ಡಿಸಿಐ ನಿಯಮಗಳ ಮಟ್ಟಕ್ಕೆ ಅದು ಮುಟ್ಟುತ್ತಿರಲಿಲ್ಲ. ಆದರೂ ಗೀರು ತುಂಬಿದ ಪ್ರಿಂಟಿಗಿಂತ ಎಷ್ಟೋ ವಾಸಿ. ಬೆಂಗಳೂರಿನ ಕೆ.ಜಿ. ರಸ್ತೆಯಲ್ಲಿ ಬಿಡುಗಡೆಯಾದ ಶುಕ್ರವಾರವೇ ನಮ್ಮ ಊರಿನಲ್ಲೂ ಬಿಡುಗಡೆ, ಅದೂ ಗೀರಿಲ್ಲದೆ. ತಾಲ್ಲೂಕಿನ ಪ್ರೇಕ್ಷಕನಿಗೆ ಇದಕ್ಕಿಂತ ದೊಡ್ಡ ನ್ಯಾಯ ಸಿನಿಮಾದವರು ಯಾವತ್ತೂ ಮಾಡಿರಲಿಲ್ಲ.

ಆಮೇಲೆ 2ಕೆ ಪ್ರೊಜೆಕ್ಟರುಗಳು ಬಂದವು. ಒಳಗೆ ಮೂರು ಚಿಪ್ಪು, ಒಂದೊಂದರಲ್ಲೂ 2048 ಅಡ್ಡಕ್ಕೆ 1080 ಉದ್ದಕ್ಕೆ, ಅಂದರೆ ಸುಮಾರು 22 ಲಕ್ಷ ಕನ್ನಡಿಗಳು. ಒಂದೊಂದೂ ಬೆಳಕನ್ನು ಲೆನ್ಸಿನ ಕಡೆಗೆ ಬಿಡುತ್ತದೆ, ಇಲ್ಲವೇ ಪಕ್ಕಕ್ಕೆ ತಳ್ಳುತ್ತದೆ. ಕೂರಿಸುವ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಪರದೆಯ ಅಗಲ, ಪರದೆಯಿಂದ ರೂಮಿಗಿರುವ ದೂರ, ಇವೆರಡನ್ನೂ ಅಳೆದು ಲೆನ್ಸು ಆರಿಸಬೇಕು. ಪೀಠವನ್ನು ಅಲ್ಲಾಡದಂತೆ ನೆಲಕ್ಕೆ ಬಿಗಿಯಬೇಕು. ಬಿಸಿಗಾಳಿ ಹೊರಹೋಗಲು ನಾಳ, ಕರೆಂಟು ಹೋದರೆ ಸರ್ವರು ದಿಢೀರನೆ ಆರದಂತೆ ಯುಪಿಎಸ್ಸು. ನಂತರ ಗೆರೆಗಳ ಟೆಸ್ಟ್ ಪ್ಯಾಟರ್ನ್ ಬಿಟ್ಟು, ಲೆನ್ಸನ್ನು ಮೇಲೆ ಕೆಳಗೆ ಸರಿಸಿ ಚೌಕವನ್ನು ಪರದೆಗೆ ಹೊಂದಿಸಬೇಕು. ಫೋಕಸ್ಸನ್ನು ನಡುವೆ ಮಾತ್ರ ನೋಡಿದರೆ ಸಾಲದು, ನಾಲ್ಕು ಮೂಲೆಗೂ ನಡೆದು ಹೋಗಿ ನೋಡಬೇಕು. ಹೆಚ್ಚು ಅಗಲದ ಸ್ಕೋಪ್ ಚಿತ್ರಕ್ಕೊಂದು, ಕಡಿಮೆ ಅಗಲದ ಫ್ಲ್ಯಾಟಿಗೊಂದು ಲೆನ್ಸ್ ಸ್ಥಾನವನ್ನು ನೆನಪಿಗೆ ಹಾಕಿಟ್ಟರೆ ಮುಂದೆ ಅದು ತಾನೇ ತಿರುಗಿಕೊಳ್ಳುತ್ತದೆ. ಮೊದಲಾದರೆ ಸ್ಕೋಪ್ ಸಿನಿಮಾ ಬಂತೆಂದರೆ ಆ ತೂಕದ ಲೆನ್ಸನ್ನು ಕೈಯಾರೆ ಏರಿಸಿ, ನೆಟ್ಟಗೆ ಕೂತಿದೆಯೋ ಎಂದು ಒದ್ದಾಡುತ್ತಿದ್ದೆವು.

ಕೊನೆಯ ಕೆಲಸ ಬೆಳಕನ್ನು ಅಳೆಯುವುದು. ಪೂರ್ತಿ ಬಿಳಿ ಬಿಟ್ಟು, ನಡುಸಾಲಿನ ಕುರ್ಚಿಯಲ್ಲಿ ಮೀಟರು ಹಿಡಿದು ಕೂರಬೇಕು. ನಿಯಮದ ಪ್ರಕಾರ ಪರದೆಯ ನಡುವೆ 14 ಫುಟ್‌ಲ್ಯಾಂಬರ್ಟ್ ಬರಬೇಕು, ಮೆಟ್ರಿಕ್ಕಿನಲ್ಲಿ ಚದರ ಮೀಟರಿಗೆ 48 ಕ್ಯಾಂಡೆಲಾ. ಆ ಸಂಖ್ಯೆ ಬಂದ ಮೇಲೆ ಮ್ಯಾನೇಜರರ ಸಹಿ ಹಾಕಿಸಿಕೊಂಡು ನಾವು ಹೊರಡುತ್ತಿದ್ದೆವು. ಎಷ್ಟೋ ಕಡೆ ಆ ಪರದೆಯ ಮುಂದೆ ಮೀಟರು ಹಿಡಿದದ್ದು ಅದೇ ಮೊದಲು, ಅದೇ ಕೊನೆ.

ಸಿನಿಮಾ ಈಗ ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದಿಂದಲೋ ಬರುತ್ತದೆ. ಅದನ್ನು ಸರ್ವರಿಗೆ ತುಂಬಿಕೊಂಡರೂ ಕೀ ಬಾರದೆ ಓಡುವುದಿಲ್ಲ. ಆ ಕೀ ಈಮೇಲಿನಲ್ಲಿ ಬರುವ ಸಣ್ಣ ಫೈಲು. ಇಂಥ ಸರ್ವರಿಗೆ, ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಎಂದು ಅದರಲ್ಲಿ ಬರೆದಿರುತ್ತದೆ. ಮೊದಲ ದಿನದ ಬೆಳಗಿನ ಆಟಕ್ಕೆ ಅಭಿಮಾನಿಗಳು ಕಟೌಟಿಗೆ ಹಾಲೆರೆಯುತ್ತಿರುವಾಗ ಒಳಗೆ ಮ್ಯಾನೇಜರರು "ಕೀ ಬಂತೇನ್ರೀ?" ಎಂದು ಫೋನು ಹಿಡಿದು ನಿಂತಿರುವುದನ್ನು ಕಂಡಿದ್ದೇನೆ. ಲೂನಾ ಹುಡುಗನನ್ನಾದರೂ ದಾರಿಯಲ್ಲಿ ಹುಡುಕಬಹುದಿತ್ತು. ಈ ಡಿಜಿಟಲ್ ಸೇವೆಯ ದರ ಹೆಚ್ಚಾಯಿತೆಂದು 2018ರ ಮಾರ್ಚಿನಲ್ಲಿ ದಕ್ಷಿಣದ ನಿರ್ಮಾಪಕರು ಹೊಸ ಸಿನಿಮಾಗಳ ಬಿಡುಗಡೆಯನ್ನೇ ನಿಲ್ಲಿಸಿದ್ದರು. ರೀಲಿನ ಕಾಲದ ಲೆಕ್ಕಾಚಾರ ಹೋಗಿ ಹೊಸ ಲೆಕ್ಕಾಚಾರ ಬಂದಿತ್ತು, ಅಷ್ಟೆ.

ಒಮ್ಮೆ ತುಮಕೂರಿನಲ್ಲಿ ಸಾಹೇಬರನ್ನು ಮಲ್ಟಿಪ್ಲೆಕ್ಸಿಗೆ ಕರೆದುಕೊಂಡು ಹೋಗಿದ್ದೆ. ಇಂಟರ್‌ವಲ್ಲಿನ ತನಕ ಒಂದು ಮಾತೂ ಆಡಲಿಲ್ಲ. ದೀಪ ಹತ್ತಿದ ಮೇಲೆ ಹಿಂದಕ್ಕೆ ತಿರುಗಿ ಕಿಂಡಿಯನ್ನು ನೋಡಿ, "ಚಿತ್ರ ಚೆನ್ನಾಗೈತೆ. ಮೇಲೆ ಯಾರವ್ರೆ?" ಎಂದರು. ಯಾರೂ ಇಲ್ಲ, ಬೆಳಿಗ್ಗೆಯೇ ಪ್ಲೇಲಿಸ್ಟ್ ಮಾಡಿಟ್ಟಿರುತ್ತಾರೆ, ತಂಬಾಕಿನ ಎಚ್ಚರಿಕೆ, ಜಾಹೀರಾತು, ಸಿನಿಮಾ, ಇಂಟರ್‌ವಲ್, ಹಾಲಿನ ದೀಪ ಹತ್ತುವುದು ಆರುವುದು, ಎಲ್ಲ ತಾನಾಗಿಯೇ ನಡೆಯುತ್ತದೆ ಎಂದೆ. "ಕೆಟ್ರೆ?" ಎಂದರು. ಯಾರಾದರೂ ಹೋಗಿ ಹೇಳಬೇಕು ಎಂದೆ. ಅವರಿಗೆ ಅದು ಉತ್ತರ ಎನಿಸಲಿಲ್ಲ.

ನನ್ನ ತಕರಾರು ಇದೇ. ಝೆನಾನ್ ದೀಪ ಕಾರ್ಬನ್ನಿನಂತೆ ಕೈಕೊಡುವುದಿಲ್ಲ, ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಮಂಕಾಗುತ್ತದೆ. ಅದಕ್ಕೆ ಇಷ್ಟು ಗಂಟೆಯ ಆಯಸ್ಸು ಎಂದಿರುತ್ತದೆ, ಯಂತ್ರವೇ ಲೆಕ್ಕ ಇಡುತ್ತದೆ. ಆಯಸ್ಸು ಮುಗಿದರೂ ಉರಿಯುತ್ತದಲ್ಲ ಎಂದು ಉರಿಸುವವರಿದ್ದಾರೆ. ಬೇಗ ಸವೆಯದಿರಲಿ ಎಂದು ಮೊದಲ ದಿನದಿಂದಲೇ ಕರೆಂಟು ಇಳಿಸಿಡುವವರಿದ್ದಾರೆ. ರೂಮಿನ ಕಿಟಕಿಯ ಗಾಜಿಗೆ ಧೂಳು, ಫಿಲ್ಟರಿಗೆ ಧೂಳು. ತ್ರೀಡಿ ಸಿನಿಮಾಕ್ಕೆ ಲೆನ್ಸಿನ ಮುಂದೆ ಇಡುವ ಪೋಲರೈಸರನ್ನು ಮಾಮೂಲಿ ಸಿನಿಮಾ ಬಂದಾಗ ತೆಗೆಯದಿದ್ದರೆ ಸುಮಾರು ಅರ್ಧ ಬೆಳಕು ಅಲ್ಲೇ ಹೋಗುತ್ತದೆ. ರಾತ್ರಿಯ ದೃಶ್ಯದಲ್ಲಿ ಯಾರು ಯಾರನ್ನು ಕೊಂದರೆಂದು ತಿಳಿಯದೆ ಹೊರಬಂದವರು ಛಾಯಾಗ್ರಾಹಕನನ್ನು ಬೈಯುತ್ತಾರೆ. ಈಗ ಲೇಸರ್ ಪ್ರೊಜೆಕ್ಟರು ಬಂದಿದೆ, ಬೆಳಕಿನ ಮೂಲವೇ ಇಪ್ಪತ್ತು ಸಾವಿರ ಗಂಟೆಗೂ ಮೀರಿ ಬಾಳುತ್ತದೆ ಎನ್ನುತ್ತಾರೆ. ಬಾಳುತ್ತದೆ ನಿಜ, ಆದರೆ ಅದೂ ಮಂಕಾಗುತ್ತಲೇ ಬಾಳುತ್ತದೆ.

ಸಾಹುಕಾರರು ಆಗಲೂ ಬೆಳಕಿನಲ್ಲೇ ಉಳಿಸುತ್ತಿದ್ದರು, ಈಗಲೂ ಉಳಿಸುತ್ತಿದ್ದಾರೆ. ಅವರನ್ನು ದೂರಿ ಫಲವಿಲ್ಲ, ಟಾಕೀಸು ನಡೆಸುವುದು ಇವತ್ತು ಸುಲಭದ ಬದುಕಲ್ಲ. ಆದರೆ ಮೇಲೆ ಸಾಹೇಬರಿಲ್ಲ, ಕೆಳಗೆ ಗಾಂಧಿ ಕ್ಲಾಸೂ ಇಲ್ಲ. ಇನ್ನೂರು ಮುನ್ನೂರು ರೂಪಾಯಿ ಕೊಟ್ಟು ಮೆತ್ತನೆ ಕುರ್ಚಿಯಲ್ಲಿ ಕೂತವರು ಮಂಕು ಚಿತ್ರವನ್ನು ಗೌರವದಿಂದ ನೋಡಿ ಎದ್ದುಹೋಗುತ್ತಾರೆ. ಚಿಲ್ಲರೆ ಕಾಸು ಕೊಟ್ಟವನು ಕೂಗುತ್ತಿದ್ದ.

ಕೂಗಿ ಎಂದು ನಾನು ಹೇಳುವುದಿಲ್ಲ. ಚಿತ್ರ ಮಂಕಾಗಿ ಕಂಡರೆ ಇಂಟರ್‌ವಲ್ ತನಕ ಕಾಯಬೇಡಿ, ಎದ್ದು ಹೋಗಿ ಮ್ಯಾನೇಜರರನ್ನು ಹುಡುಕಿ. ದೀಪಕ್ಕೆ ಎಷ್ಟು ಗಂಟೆ ಆಗಿದೆ, ತ್ರೀಡಿ ಫಿಲ್ಟರ್ ತೆಗೆದಿದ್ದೀರಾ ಎಂದು ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಟಿಕೆಟ್ಟಿನ ದುಡ್ಡು ವಾಪಸ್ಸು ಕೇಳಿ.