ಹಳೇ ಮದ್ದಳೆ ಬಿಟ್ಟು ಹೊಸದು ತೆಗೆದ ಲೆಕ್ಕ

ಎರಡನೇ ಸುತ್ತಿನ ಬೋರ್ಡೋ ಹೇಗೋ ಮುಗಿಯಿತು. ಮೂರು ದಿನದಿಂದ ಮಳೆ ಬಿಟ್ಟಿಲ್ಲ, ತೋಟಕ್ಕೆ ಇಳಿಯುವ ಹಾಗಿಲ್ಲ. ಹಾಗಾಗಿ ಇವತ್ತು ಅಡಿಕೆಯ ವಿಷಯ ಅಲ್ಲ, ಮದ್ದಳೆಯ ವಿಷಯ. ನಾನು ಹೊಸ ಮದ್ದಳೆ ತೆಗೆದದ್ದು ಗೊತ್ತಾಗಿ ನಾಲ್ಕೈದು ಜನ ಫೋನ್ ಮಾಡಿದ್ದರು. ಎಷ್ಟಾಯ್ತು, ಹಳತಕ್ಕೆ ಎಂತ ಆಗಿತ್ತು, ನೋಡಿ ತೆಗೆಯುವುದು ಹೇಗೆ ಅಂತ. ಎಲ್ಲರಿಗೂ ಒಟ್ಟಿಗೇ ಬರೆದರೆ ಆಯ್ತಲ್ಲ.

ನಾನು ಮದ್ದಳೆ ಕಲಿಯಲಿಕ್ಕೆ ಕೂತದ್ದು 50 ದಾಟಿದ ಮೇಲೆ. ನಮ್ಮ ಊರಿನ ಭಜನಾ ಮಂದಿರದಲ್ಲಿ ಆಟಿ ತಿಂಗಳಲ್ಲಿ ತಾಳಮದ್ದಳೆ ನಡೆಯುವುದು ಹಿರಿಯರ ಕಾಲದಿಂದ ಬಂದದ್ದು. ಅರ್ಥ ಹೇಳುವವರು ಬೇಕಾದಷ್ಟು ಇದ್ದಾರೆ, ಭಾಗವತರೂ ಇದ್ದಾರೆ. ಮದ್ದಳೆಗೆ ಮಾತ್ರ ಪ್ರತಿ ಸಲ ಹೊರಗಿನವರನ್ನು ಕರೆಸಬೇಕು. ಅವರಿಗೆ ಬೇರೆ ಕಡೆ ಕಾರ್ಯಕ್ರಮ ಇದ್ದರೆ ನಮ್ಮದು ಇಲ್ಲ. ಹೆಸರಿನಲ್ಲೇ ಮದ್ದಳೆ ಇರುವ ಕಲೆ, ಮದ್ದಳೆಗಾರ ಇಲ್ಲದೆ ಎರಡು ವರ್ಷ ನಿಂತಿತು. ಆಗ ನಮ್ಮ ಮಾಸ್ಟ್ರು, "ನೀವೇ ಯಾಕೆ ಕಲೀಬಾರ್ದು?" ಅಂದರು. ಬಾರಿಸುವುದು ಬಿಟ್ಟವರೊಬ್ಬರ ಅಟ್ಟದಲ್ಲಿದ್ದ ಮದ್ದಳೆ 3,000 ರೂಪಾಯಿಗೆ ಸಿಕ್ಕಿತು.

ಆ ಮದ್ದಳೆಯನ್ನು ನಾನು ದೂರುವುದಿಲ್ಲ. ಏಕ, ಅಷ್ಟ, ಝಂಪೆ, ತ್ರಿವುಡೆ ಎಲ್ಲ ಕೈಗೆ ಬಂದದ್ದು ಅದರಲ್ಲೇ. ಮೊದಲ ಎರಡು ವರ್ಷ ಬೆರಳು ಎಲ್ಲಿ ಬೀಳಬೇಕು ಅಂತ ಕಲಿಯುವುದರಲ್ಲೇ ಹೋಗುತ್ತದೆ, ಅದಕ್ಕೆ ಯಾವ ಮದ್ದಳೆಯೂ ಸಾಕು. ಮಂದ ಚರ್ಮ, ಕರ್ಣ ಅಲ್ಲಲ್ಲಿ ಬಿರುಕು. ಕಲ್ಲಿನಲ್ಲಿ ಅಂಚಿಗೆ ಪೆಟ್ಟು ಕೊಟ್ಟು ಶ್ರುತಿ ಮಾಡಿದರೆ ನಾಲ್ಕು ಪದ್ಯಕ್ಕೆ ಇಳಿಯುತ್ತಿತ್ತು. ಆದರೂ ನಡೆಯಿತು.

ತೊಂದರೆ ಶುರುವಾದದ್ದು ಮೂರನೇ ವರ್ಷದಲ್ಲಿ. ನೆಡ್ಲೆ ನರಸಿಂಹ ಭಟ್ಟರು ಬಾರಿಸಿದ ಹಳೇ ರೆಕಾರ್ಡಿಂಗ್ ನೀವೂ ಕೇಳಿರಬಹುದು. ಅವರ ಒಂದು 'ಧೀಂ' ಬಿದ್ದರೆ ಭಾಗವತರ ಶ್ರುತಿಯೊಳಗೆ ಕೂತು ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ನನ್ನದು ಬಿದ್ದಲ್ಲೇ ಸಾಯುತ್ತಿತ್ತು. ಇದು ನನ್ನ ಕೈಯ ದೋಷವಾ, ಮದ್ದಳೆಯದ್ದಾ? ಎಷ್ಟು ಬಾರಿಸಿದರೂ ತಿಳಿಯುತ್ತಿರಲಿಲ್ಲ.

ಸುಳ್ಯದ ಕಡೆಯವರಿಗೆ ಇದು ಬೇಗ ಅರ್ಥ ಆಗ್ತದೆ. ಅಡಿಕೆ ಸೋಗೆ ಹಳದಿ ಆದರೆ ಮೊದಲು ಬರುವ ಪ್ರಶ್ನೆಯೇ ಅದು: ಇದು ಹಳದಿ ರೋಗವಾ, ಅಲ್ಲ ಗೊಬ್ಬರದ ಕೊರತೆಯಾ, ಅಲ್ಲ ಬುಡದಲ್ಲಿ ನೀರು ನಿಂತದ್ದಾ? ಕಾರಣ ಗೊತ್ತಾಗದೆ ಎಂತ ಮದ್ದು ಮಾಡಿದರೂ ದಂಡವೇ. ಒಳ್ಳೆ ಮದ್ದಳೆ ಬೇಕಾಗುವುದು ಚಂದ ಕಾಣಲಿಕ್ಕೆ ಅಲ್ಲ. ತಪ್ಪು ಎಲ್ಲಿದೆ ಅಂತ ಗೊತ್ತಾಗಲಿಕ್ಕೆ. ಈ ಪ್ರಶ್ನೆ ನಿಮ್ಮ ಮನಸ್ಸಿಗೆ ಬರುವವರೆಗೆ ಹೊಸದು ತೆಗೆಯುವ ಅಗತ್ಯ ಇಲ್ಲ, ಬಂದ ಮೇಲೆ ತಡ ಮಾಡಿ ಪ್ರಯೋಜನ ಇಲ್ಲ.

ಮನೆಯಲ್ಲಿ ಮಾತು ಬಂತು. ನಮ್ಮ ಕೆಳಗಿನ ತೋಟ ಹಳದಿ ರೋಗದಲ್ಲಿ ಹೆಚ್ಚುಕಡಿಮೆ ಹೋಗಿದೆ, ಉಳಿದದ್ದಕ್ಕೆ ಎಲೆಚುಕ್ಕಿ. ಮದ್ದಳೆಗೆ 16,000 ಅಂದರೆ ಸುಮಾರು 35 ಕೆಜಿ ಚಾಲಿ. "ಇದು ಈಗ ಆಗಬೇಕಾದ್ದಾ?" ಅಂತ ಮನೆಯವಳು ಕೇಳಿದಳು. ನ್ಯಾಯದ ಪ್ರಶ್ನೆಯೇ. ನಾನು ಉತ್ತರ ಹೇಳಲಿಲ್ಲ. ಎರಡು ದಿನ ಬಿಟ್ಟು ಅವಳೇ ಹೇಳಿದಳು: "ತೋಟದ್ದೇ ಯೋಚನೆ ಮಾಡ್ತಾ ಕೂರುವುದಕ್ಕಿಂತ ಸಂಜೆ ಒಂದು ಗಂಟೆ ನೀವು ಅದರ ಎದುರು ಕೂರುವುದೇ ಒಳ್ಳೇದು. ಕಾಳುಮೆಣಸಿನ ದುಡ್ಡಿನಲ್ಲಿ ತೆಗೀರಿ."

ಇನ್ನು ನೋಡಿ ತೆಗೆದದ್ದು ಹೇಗೆ ಅಂತ.

ಮೊದಲನೆಯದು ಶ್ರುತಿ. ನೀವು ಯಾರ ಹಾಡಿಗೆ ಬಾರಿಸುವುದು, ಅವರ ಶ್ರುತಿ ಯಾವುದು, ಅದನ್ನು ಕೇಳಿಕೊಂಡೇ ಹೋಗಿ. ಬಲದ ಮುಚ್ಚಿಗೆಯ ಬಾಯಿ ಸಣ್ಣದಾದರೆ ಮೇಲಿನ ಶ್ರುತಿಗೆ ಸುಲಭ, ದೊಡ್ಡದಾದರೆ ಕೆಳಗಿನದ್ದಕ್ಕೆ. ಹೊಂದದ ಮದ್ದಳೆಯನ್ನು ಎಳೆದು ಏರಿಸಿದರೆ ಚರ್ಮ ಹರಿಯುತ್ತದೆ, ಇಳಿಸಿದರೆ ನಾದ ಸಡಿಲ. ನಮ್ಮ ಭಾಗವತರದ್ದು ಕಪ್ಪು ಎರಡು. ಅದಕ್ಕೆ ಹೊಂದುವ ಮೂರನ್ನು ಮಾತ್ರ ನೋಡಿದೆ.

ಎರಡನೆಯದು ಮರ. ಮದ್ದಳೆಯ ಕಳಸಿಗೆ ಹಲಸಿನ ಮರದ್ದು. ಮುಚ್ಚಿಗೆ ಕಟ್ಟಿದ ಮೇಲೆ ಒಳಗೆ ಎಂತ ಉಂಟು ಅಂತ ಕಾಣುವುದಿಲ್ಲ, ಕಟ್ಟುವ ಮೊದಲು ತೋರಿಸಲಿಕ್ಕೆ ಹೇಳಿ. ಹೊರಗಿನ ಬಿಳಿ ಭಾಗ ಬೇಡ, ಅದಕ್ಕೆ ಹುಳ ಹಿಡಿಯುತ್ತದೆ. ತಿರುಳು ಬೇಕು, ಚೆನ್ನಾಗಿ ಒಣಗಿರಬೇಕು. ಬಿರುಕಿಗೆ ಮೇಣ ತುಂಬಿ ಬಣ್ಣ ಬಳಿದದ್ದು ಉಂಟಾ ಅಂತ ಉಗುರಿನಲ್ಲಿ ನೋಡಿ. ಹಲಸಿನ ಮರ ಕಡಿಸಿದವರು ನಾವು, ತಿರುಳು ಯಾವುದು ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಮೂರನೆಯದು, ಬಾರಿಸಿ ನೋಡುವ ಕ್ರಮ. ಪಳಗಿದ ಕೈಯಲ್ಲಿ ಎಂಥಾ ಮದ್ದಳೆಯೂ ನುಡಿಯುತ್ತದೆ. ಹಾಗಾಗಿ ಮಾಸ್ಟ್ರು ಬಾರಿಸುವಾಗ ನಾನು ಅಂಗಳದ ಆಚೆ ಬೆನ್ನು ಹಾಕಿ ನಿಂತೆ. ಆಮೇಲೆ ನಾನು ಬಾರಿಸಿದೆ, ಅವರು ಅಲ್ಲಿ ನಿಂತರು. ಒಂದರಲ್ಲಿ ಅವರ ಕೈಗೂ ನನ್ನ ಕೈಗೂ ವ್ಯತ್ಯಾಸವೇ ಕೇಳುತ್ತಿರಲಿಲ್ಲ, ಎಲ್ಲವೂ ಡಬ್ ಡಬ್. ಇನ್ನೊಂದು ನೋಡಲಿಕ್ಕೆ ಭಾರೀ ಚಂದ, ನಾದ ಗಿಡ್ಡ. ಮೂರನೆಯದಕ್ಕೆ ಹೊಟ್ಟೆಯಲ್ಲಿ ಒಂದು ಗಂಟು, ಪಾಲಿಶ್ ಕಡಿಮೆ. ಆದರೆ ನನ್ನ ಉಂಗುರ ಬೆರಳು ತಡವಾಗಿ ಬೀಳುವುದು ಅದರಲ್ಲಿ ಸ್ಪಷ್ಟ ಕೇಳಿತು. ಮಾಸ್ಟ್ರು ನಕ್ಕು, "ಇದೇ ಆಗಬಹುದು" ಅಂದರು.

ನಾಲ್ಕನೆಯದು, ಎರಡು ಸಲ ಹೋಗಿ. ಬೇಸಿಗೆಯಲ್ಲಿ ಚರ್ಮ ಬಿಗಿದು ಎಲ್ಲ ಮದ್ದಳೆಯೂ ಒಳ್ಳೆಯದೇ. ನಮಗೆ ಬೇಕಾದ್ದು ಆಟಿಯ ಮಳೆಯಲ್ಲಿ ನುಡಿಯುವಂಥದ್ದು. ನಾನು ಮಾರ್ಚಿನಲ್ಲಿ ನೋಡಿ ಬಂದು, ಜೂನ್ ಮಳೆ ಹಿಡಿದ ಮೇಲೆ ಮತ್ತೆ ಹೋಗಿ ಅದನ್ನೇ ಬಾರಿಸಿ ನೋಡಿ ತಂದದ್ದು.

ಐದನೆಯದು ರಿಪೇರಿ. ಮುಚ್ಚಿಗೆ ಯಾವತ್ತಾದರೂ ಹೋಗುವುದೇ, ಕರ್ಣ ಏಳುವುದೇ. ಫೈಬರ್ ದೋಟಿ ತೆಗೆದವರಿಗೆ ಗೊತ್ತು, ಕೊಯ್ಲಿನ ಮಧ್ಯೆ ಕೈಕೊಟ್ಟರೆ ಹತ್ತಿರದಲ್ಲಿ ಸರಿ ಮಾಡುವವರು ಬೇಕು. ಇದೂ ಹಾಗೆಯೇ. ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಬರುವಷ್ಟು ದೂರದಲ್ಲಿ ಇರುವವರ ಕೈಯಿಂದಲೇ ತೆಗೆಯಿರಿ.

ಈಗ ಒಂದೂವರೆ ತಿಂಗಳು ಆಯ್ತು. ಬಾರಿಸಿ ಆದ ಮೇಲೆ ಎಡದ ಬೋನ ಒರೆಸಿ ತೆಗೆದು, ಬಟ್ಟೆ ಸುತ್ತಿ, ಅಡಿಕೆ ಒಣಗಿಸುವ ಅಟ್ಟದಲ್ಲಿ ಇಡುತ್ತೇನೆ. ಒಲೆಯ ಬೆಚ್ಚಗೆ ಅಲ್ಲಿಗೆ ಸಾಕಷ್ಟು ಬರುತ್ತದೆ, ನೇರ ಬೆಂಕಿ ತಾಗುವುದಿಲ್ಲ. ಉಂಗುರ ಬೆರಳು ಇನ್ನೂ ತಡವೇ. ಆದರೆ ಅದು ಬೆರಳಿನದ್ದು ಅಂತ ಈಗ ಗೊತ್ತುಂಟು. ಹಾಗಾಗಿ ದಿನಾ ಹತ್ತು ನಿಮಿಷ ಅದೊಂದಕ್ಕೇ.

ಹಳೇ ಮದ್ದಳೆಯನ್ನು ಮಾರಲಿಲ್ಲ. ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗ ಆದಿತ್ಯವಾರ ಬಂದು ಅದರಲ್ಲಿ ಕೂರುತ್ತಾನೆ. ಅವನ ಒಟ್ಟಿಗೆ ಇನ್ನೂ ಇಬ್ಬರು ಬರುತ್ತೇವೆ ಅನ್ನುತ್ತಿದ್ದಾರೆ, ಮದ್ದಳೆ ಇಲ್ಲ. ಪುತ್ತೂರು, ಸುಳ್ಯ, ಕಡಬದ ಎಷ್ಟೋ ಮನೆಯ ಅಟ್ಟದಲ್ಲಿ ಅಜ್ಜಂದಿರ ಮದ್ದಳೆ ಬಿದ್ದಿರಬಹುದು. ಚರ್ಮ ಹೋಗಿದ್ದರೂ ಅಡ್ಡಿ ಇಲ್ಲ, ಕಳಸಿಗೆ ಗಟ್ಟಿ ಇದ್ದರೆ ಮುಚ್ಚಿಗೆ ಹಾಕಿಸಿಕೊಳ್ಳಬಹುದು. ಒಲೆಗೆ ಹಾಕುವ ಮೊದಲು ನನಗೊಂದು ಮಾತು ಹೇಳಿ, ನಾನೇ ಬಂದು ಕೊಂಡುಹೋಗುತ್ತೇನೆ.

ಬರುವ ಶನಿವಾರ ರಾತ್ರಿ ಎಂಟಕ್ಕೆ ಮಂದಿರದಲ್ಲಿ ತಾಳಮದ್ದಳೆ ಉಂಟು. ಮಳೆ ಇದ್ದರೂ ಬನ್ನಿ, ಊಟ ಅಲ್ಲೇ.